ಬ್ರಿಟನ್ ಮತ್ತು ಐರ್ಲೆಂಡ್ ಅರಸರ ಪಟ್ಟಿಯನ್ನು ಓದುವ ಬಗೆ

1066ರಲ್ಲಿ ಪಟ್ಟವೇರಿದ ನಾರ್ಮನ್ ವಿಲಿಯಂನಿಂದ ಇಂದಿನ ಮೂರನೆಯ ಚಾರ್ಲ್ಸ್‌ವರೆಗಿನ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿಕೊಂಡು ಈ ಇತಿಹಾಸವನ್ನು ಓದಲು ಹೊರಟವರು ಬಹುಬೇಗ ತೊಡಕಿಗೆ ಸಿಲುಕುತ್ತಾರೆ, ಏಕೆಂದರೆ ಆ ಪಟ್ಟಿ ಒಂದೇ ರಾಜ್ಯದ್ದಲ್ಲ. ಅದರ ಬದಲು ದೊಡ್ಡದೊಂದು ಹಾಳೆಯ ಎಡಬದಿಯಲ್ಲಿ ಇಸವಿಗಳನ್ನು ಬರೆದು, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಎಂದು ಮೂರು ಅಂಕಣಗಳನ್ನು ಎಳೆದುಕೊಳ್ಳಿ. ವೇಲ್ಸ್‌ಗೆ ಬೇರೆ ಅಂಕಣ ಬೇಕೆನಿಸಿದರೆ ಅದನ್ನು 1282ಕ್ಕೆ, ಎಂದರೆ ರಾಜಕುಮಾರ ಲೆವೆಲಿನ್ ಹತನಾದ ವರ್ಷಕ್ಕೆ, ನಿಲ್ಲಿಸಬಹುದು.

ಮೊದಲು ಗೆರೆಗಳು ಕೂಡುವ ಮತ್ತು ಒಡೆಯುವ ವರ್ಷಗಳನ್ನು ಗುರುತಿಸಿ. 1603ರಲ್ಲಿ ಮೊದಲನೆಯ ಎಲಿಜಬೆತ್ ಸಂತಾನವಿಲ್ಲದೆ ತೀರಿಕೊಂಡಾಗ, 1567ರಿಂದಲೇ ಸ್ಕಾಟ್ಲೆಂಡಿನ ಅರಸನಾಗಿದ್ದ ಆರನೆಯ ಜೇಮ್ಸ್ ಇಂಗ್ಲೆಂಡಿಗೆ ಮೊದಲನೆಯ ಜೇಮ್ಸ್ ಆದನು. ಅರಸನು ಒಬ್ಬನೇ ಆದರೂ ಸಂಸತ್ತು, ಕಾನೂನು, ಕಿರೀಟಗಳು ಬೇರೆಬೇರೆಯಾಗಿಯೇ ಉಳಿದ ಕಾರಣ ಇಲ್ಲಿ ಚುಕ್ಕಿಗೆರೆ ಸಾಕು. ಗಟ್ಟಿ ಗೆರೆಯನ್ನು ಎರಡೂ ರಾಜ್ಯಗಳು ಒಂದಾದ 1707ರ ಒಕ್ಕೂಟಕ್ಕೆ ಕಾದಿಡಿ. ಐರ್ಲೆಂಡಿನ ಅಂಕಣ 1801ರಲ್ಲಿ ಇದರೊಡನೆ ಸೇರಿ, 1922ರಲ್ಲಿ ಅದರ ಬಹುಭಾಗ ಬೇರ್ಪಟ್ಟು, 1949ರಲ್ಲಿ ಆ ಭಾಗ ಗಣರಾಜ್ಯವಾಗಿ ಅರಸೊತ್ತಿಗೆಯಿಂದ ಪೂರ್ತಿ ಹೊರಬಂದಿತು.

ಹೆಸರಿನ ಜೊತೆಗಿರುವ ಸಂಖ್ಯೆಯನ್ನು ನಂಬುವ ಮುನ್ನ ಅದು ಯಾವ ರಾಜ್ಯದ ಎಣಿಕೆ ಎಂದು ಕೇಳಿಕೊಳ್ಳಬೇಕು. ಇಂಗ್ಲೆಂಡಿನ ಎಣಿಕೆ 1066ರ ನಂತರದವರಿಂದ ಆರಂಭವಾಗುವುದರಿಂದ, ಅದಕ್ಕೆ ಮೊದಲು ಆಳಿದ ಮೂವರು ಎಡ್ವರ್ಡ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಇಂಗ್ಲೆಂಡಿನ ಮೂರನೆಯ ವಿಲಿಯಂ ಸ್ಕಾಟ್ಲೆಂಡಿಗೆ ಎರಡನೆಯವನು. ಇದು ಪಂಡಿತರ ಕೂದಲು ಸೀಳುವ ಕೆಲಸವೆಂದು ಕಡೆಗಣಿಸುವಂತಿಲ್ಲ: ಸ್ಕಾಟ್ಲೆಂಡನ್ನು ಮೊದಲನೆಯ ಎಲಿಜಬೆತ್ ಎಂದೂ ಆಳಿರಲಿಲ್ಲವಾದ್ದರಿಂದ, 'ಎರಡನೆಯ ಎಲಿಜಬೆತ್' ಎಂಬುದರ ಮುದ್ರೆ ಹೊತ್ತ ಹೊಸ ಅಂಚೆಪೆಟ್ಟಿಗೆಯೊಂದನ್ನು ಎಡಿನ್‌ಬರೋದಲ್ಲಿ 1953ರಲ್ಲಿ ಸ್ಫೋಟಿಸಿಯೇ ಬಿಟ್ಟರು.

ಹೆಚ್ಚು ಹೊತ್ತು ಕಳೆಯಬೇಕಾದದ್ದು ಐರ್ಲೆಂಡಿನ ಅಂಕಣದಲ್ಲಿ. ಬಹಳಷ್ಟು ಪಟ್ಟಿಗಳು ಅದನ್ನು ಬಿಟ್ಟೇಬಿಡುತ್ತವೆ. ಅಲ್ಲಿ 'ರೀ' ಎಂದರೆ ಅರಸ. ಆದರೆ ಒಂದು ಸಣ್ಣ ಕುಲನಾಡಿನ ಒಡೆಯನೂ ರೀ, ಅಂತಹ ಹಲವರಿಂದ ಕಪ್ಪ ಪಡೆಯುವವನೂ ರೀ, ಇಡೀ ಪ್ರಾಂತ್ಯವನ್ನು ಆಳುವವನೂ ರೀ. ನಮ್ಮ ಸಾಮಂತ, ಮಹಾಮಂಡಲೇಶ್ವರರ ಶ್ರೇಣಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಪಟ್ಟ ಹಿರಿಯ ಮಗನಿಗೇ ಸಲ್ಲಬೇಕೆಂಬ ಕಟ್ಟಳೆ ಇಲ್ಲದೆ, ಒಂದೇ ಮೂಲಪುರುಷನ ಸಂತತಿಯ ಗಂಡಸರಲ್ಲಿ ಸಮರ್ಥನಾದವನನ್ನು ಆರಿಸುತ್ತಿದ್ದರು. ಆದ್ದರಿಂದ ತಂದೆಯಿಂದ ಮಗನಿಗೆ ಗೆರೆ ಎಳೆಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಇಡೀ ದ್ವೀಪಕ್ಕೆ ಮಹಾರಾಜನೆಂದು ಹೇಳಿಕೊಂಡವರಲ್ಲಿ 1014ರ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಬ್ರಿಯನ್ ಬೋರು ಪ್ರಸಿದ್ಧನು. ಅವನ ನಂತರದ ಹಲವರನ್ನು ಐರಿಷ್ ಬರಹಗಾರರು 'ವಿರೋಧವುಳ್ಳ ಅರಸರು', ಎಂದರೆ ಎಲ್ಲರೂ ಒಪ್ಪದವರು, ಎಂದೇ ಕರೆದರು. ಅವರ ಹೆಸರುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದೇ ಪ್ರಾಮಾಣಿಕತೆ.

ಪಟ್ಟ ಕಳೆದುಕೊಂಡ, ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತ್ಯದ ಅರಸ ಡರ್ಮಟ್ ಮ್ಯಾಕ್‌ಮರೋ ನೆರವು ಬೇಡಿದ್ದರಿಂದ 1169ರಲ್ಲಿ ನಾರ್ಮನ್ ಪಡೆಗಳು ಐರ್ಲೆಂಡಿಗೆ ಬಂದಿಳಿದವು. 1171ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ತಾನೇ ಬಂದನು. ಇಲ್ಲಿಂದ 1541ರವರೆಗೆ ಇಂಗ್ಲೆಂಡಿನ ದೊರೆಯ ಹೆಸರನ್ನು ಈ ಅಂಕಣದಲ್ಲಿ ಬರೆಯುವಾಗ 'ಅರಸ' ಎನ್ನದೆ 'ಒಡೆಯ' ಎಂದೇ ಬರೆಯಿರಿ, ಏಕೆಂದರೆ ಅವರ ಬಿರುದು ಅಷ್ಟೇ ಆಗಿತ್ತು. ಪೋಪ್ ನೀಡಿದ ಅನುಮತಿಯನ್ನು ಆಧಾರವಾಗಿ ಹೇಳಿಕೊಳ್ಳುತ್ತಿದ್ದ ಆ ಬಿರುದು, ರೋಮಿನ ಸಂಬಂಧವನ್ನು ಕಡಿದುಕೊಂಡ ಎಂಟನೆಯ ಹೆನ್ರಿಗೆ ಇರಿಸುಮುರಿಸಾಯಿತು. 1541ರಲ್ಲಿ ಡಬ್ಲಿನ್ನಿನ ಸಂಸತ್ತು ಅವನನ್ನು ಐರ್ಲೆಂಡಿನ ಅರಸನೆಂದು ಸಾರಿತು. ಹೀಗೆ ಆ ಬಿರುದಿನ ಮೊದಲಿಗನು 'ಎಂಟನೆಯವನು' ಎಂದೇ ಉಳಿದನು.

ಒಬ್ಬನ ನಂತರ ದೂರದ ನಂಟ ಪಟ್ಟಕ್ಕೆ ಬಂದಲ್ಲೆಲ್ಲ ನಿಂತು ಕಾರಣ ಹುಡುಕಿ. ಏಳನೆಯ ಹೆನ್ರಿ ಪಟ್ಟವೇರಿದ 1485ರಲ್ಲಿ ಅದು ಯುದ್ಧ. 1714ರಲ್ಲಿ ಕಾನೂನು: ಕ್ಯಾಥೊಲಿಕರನ್ನು ಸಿಂಹಾಸನದಿಂದ ದೂರವಿಟ್ಟ 1701ರ ಕಾಯಿದೆಯ ಫಲವಾಗಿ, ರಕ್ತಸಂಬಂಧದಲ್ಲಿ ಹತ್ತಿರದವರಾಗಿದ್ದ ಹಲವಾರು ಮಂದಿಯನ್ನು ದಾಟಿ ಜರ್ಮನಿಯ ಹ್ಯಾನೋವರ್‌ನ ಜಾರ್ಜ್ ಬಂದನು.

ಕೊನೆಗೆ ತೇದಿಗಳನ್ನು ಪರೀಕ್ಷಿಸಿ. ನಮ್ಮ ಶಾಸನಗಳಂತೆಯೇ ಅಲ್ಲಿನ ಕಾಯಿದೆಗಳೂ 1962ರವರೆಗೆ ಅರಸನ ಆಳ್ವಿಕೆಯ ವರ್ಷವನ್ನು ಹೇಳುತ್ತಿದ್ದವು, ಆದರೆ ಆ ಎಣಿಕೆಯಲ್ಲಿಯೂ ರಾಜಕೀಯವಿದೆ: 1660ರಲ್ಲಿ ಸಿಂಹಾಸನ ಸಿಕ್ಕ ಎರಡನೆಯ ಚಾರ್ಲ್ಸ್ ಆ ವರ್ಷವನ್ನು ತನ್ನ ಹನ್ನೆರಡನೆಯದೆಂದು ಲೆಕ್ಕ ಹಾಕಿಸಿ, ತಂದೆ ಮೊದಲನೆಯ ಚಾರ್ಲ್ಸ್‌ನ ಶಿರಚ್ಛೇದದ ನಂತರ ನಡುವೆ ಇದ್ದ ಗಣರಾಜ್ಯವನ್ನೇ ಅಳಿಸಿಹಾಕಿದನು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ, 1649ರ ಜನವರಿ 30ರಂದು ನಡೆದ ಮೊದಲನೆಯ ಚಾರ್ಲ್ಸ್‌ನ ಶಿರಚ್ಛೇದ ಆ ಕಾಲದ ದಾಖಲೆಗಳಲ್ಲಿ 1648ರದಾಗಿರುತ್ತದೆ. ಐರ್ಲೆಂಡಿನಲ್ಲಿ ಮೂರನೆಯ ವಿಲಿಯಂ ಎರಡನೆಯ ಜೇಮ್ಸ್‌ನನ್ನು ಸೋಲಿಸಿದ ಬಾಯ್ನ್ ನದಿಯ ಕಾಳಗ ನಡೆದದ್ದು 1690ರ ಜುಲೈ 1ರಂದು. 1752ರಲ್ಲಿ ಜಾರಿಗೆ ಬಂದ ಹೊಸ ಪಂಚಾಂಗದಲ್ಲಿ ಅದು ಜುಲೈ 11 ಆಗಬೇಕು, ಉತ್ತರ ಐರ್ಲೆಂಡಿನಲ್ಲಿ ಆಚರಿಸುವುದು ಮಾತ್ರ 12ರಂದು. ಹಾಳೆಯಲ್ಲಿ ಮೂರನ್ನೂ ಬರೆದಿಡಿ.