ಬೆಲ್ಲನ ಜಮಖಾನ

ನಮ್ಮ ಬೆಲ್ಲ ಬೀದಿನಾಯಿ. ಮೈಸೂರಿನ ಕುವೆಂಪುನಗರದಲ್ಲಿ ಚರಂಡಿ ಕೆಲಸಕ್ಕೆ ತಂದಿಟ್ಟಿದ್ದ ಪೈಪಿನೊಳಗೆ ಸಿಕ್ಕ ಮರಿ. ಅಚ್ಚು ಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು. ಈಗ ಅವನಿಗೆ ಹತ್ತು ತುಂಬಿದೆ. ಅದರಲ್ಲಿ ಆರು ವರ್ಷ ನನ್ನ ಜೊತೆ ಕೆಲಸ ಮಾಡಿದ್ದಾನೆ. ನಾನು ಆಪ್ತಸಮಾಲೋಚಕಿ. ವಾರಕ್ಕೆ ಒಂದು ದಿನ ವೃದ್ಧಾಶ್ರಮ, ಇನ್ನೊಂದು ದಿನ ನನ್ನ ಕೋಣೆಗೆ ಬರುವ ಮಕ್ಕಳು. ಇಷ್ಟೇ ಅವನ ಡ್ಯೂಟಿ.

ಶುರುವಾಗಿದ್ದು ಓದಿನ ಹುಚ್ಚಿನಿಂದ. ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್ಸನ್ ಅಂತ ಮಕ್ಕಳ ಮನಶ್ಶಾಸ್ತ್ರಜ್ಞ ಇದ್ದರು. ಮಾತೇ ಆಡದಿದ್ದ ಒಬ್ಬ ಹುಡುಗ, ಅವರ ನಾಯಿ ಜಿಂಗಲ್ಸ್ ಇದ್ದಾಗ ಮೆಲ್ಲಗೆ ಅರಳಿದ್ದನ್ನು ಅವರು ಗಮನಿಸಿದರು. ಚಿಕಿತ್ಸೆಯಲ್ಲಿ ನಾಯಿಯನ್ನೂ ಜೊತೆಗಾರನಾಗಿ ಇಟ್ಟುಕೊಳ್ಳಬಹುದು ಅಂತ 1962ರಲ್ಲಿ ಬರೆದರು. ಆಗ ನಕ್ಕವರೇ ಜಾಸ್ತಿಯಂತೆ. ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಒಂದು ನಾಯಿ ಇದೆಯಲ್ಲ, ಕರೆದುಕೊಂಡು ಹೋದರಾಯಿತು ಅಂದುಕೊಂಡೆ. ಎಂಥಾ ದಡ್ಡತನ!

ಮೊದಲ ಸಲ ವೃದ್ಧಾಶ್ರಮಕ್ಕೆ ಹೋದಾಗ ಹಾಲ್‌ನಲ್ಲಿ ಸುಮಾರು ಮೂವತ್ತು ಜನ ಇದ್ದರು. ಟಿವಿ ಜೋರಾಗಿ ಕೂಗುತ್ತಿತ್ತು. ಕಾಫಿ ಲೋಟಗಳ ಸದ್ದು ಬೇರೆ. ಎಲ್ಲರ ಕೈಯೂ ಬೆಲ್ಲನ ಮೇಲೆ. ಒಂದೂವರೆ ಗಂಟೆ ಹಾಗೇ ನಡೆಯಿತು. ಅವನು ಮತ್ತೆ ಮತ್ತೆ ಆಕಳಿಸುತ್ತಿದ್ದ, ಪಾಪ ನಿದ್ದೆ ಬಂದಿದೆ ಅಂದುಕೊಂಡೆ. ಕೊನೆಗೆ ಒಬ್ಬ ಅಜ್ಜ ಪ್ರೀತಿಯಿಂದ ಹಿಂದಿನಿಂದ ಬಂದು ಕತ್ತು ತಬ್ಬಿಕೊಂಡರು. ಬೆಲ್ಲ ಗುರ್ ಅಂದ. ಕಚ್ಚಲಿಲ್ಲ, ಸದ್ಯ. ಆದರೆ ಇಡೀ ಹಾಲ್ ತಣ್ಣಗಾಯಿತು. ಅಜ್ಜನ ಮುಖ ನೋಡೋಕಾಗಲಿಲ್ಲ.

ರಾತ್ರಿ ಮೊಬೈಲಿನಲ್ಲಿ ಅವತ್ತಿನ ಫೋಟೋ ತೆಗೆದು ನೋಡಿದೆ. ಎಲ್ಲದರಲ್ಲೂ ಜನ ನಗುತ್ತಿದ್ದಾರೆ. ಎಲ್ಲದರಲ್ಲೂ ಬೆಲ್ಲನ ಕಿವಿ ಹಿಂದಕ್ಕೆ ಅಂಟಿದೆ, ಬಾಲ ಕಾಲಸಂದಿಯಲ್ಲಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಒಂದರಲ್ಲಿ ಮೂತಿ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿದ್ದಾನೆ. ಅವನು ಮೊದಲ ಹತ್ತು ನಿಮಿಷದಿಂದಲೇ "ನನಗೆ ಸಾಕು" ಅನ್ನುತ್ತಿದ್ದ. ಆ ಆಕಳಿಕೆಯೂ ನಿದ್ದೆಯದಲ್ಲ, ದಿಗಿಲಿನದು. ಬೇರೆಯವರ ಮನಸ್ಸು ಓದೋದೇ ನನ್ನ ಕಸುಬು, ನೋಡಿ!

ಆಮೇಲೆ ಒಂದು ವರ್ಷ ಎಲ್ಲೂ ಹೋಗಲಿಲ್ಲ. ಮನೆಯಲ್ಲೇ ತಾಲೀಮು. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬೀಳಿಸುವುದು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಪ್ರತಿ ಸಲಕ್ಕೂ ಒಂದು ಚೂರು ಬೇಯಿಸಿದ ಕೋಳಿ. ಪಕ್ಕದ ಮನೆಯವರ ವಾಕರ್ ಎರವಲು ತಂದು ಹಜಾರದಲ್ಲಿ ನಾನೇ ಟಕ್ ಟಕ್ ಅಂತ ನಡೆದೆ. ನಮ್ಮ ಯಜಮಾನರು ವೀಲ್‌ಚೇರ್ ಬಾಡಿಗೆಗೆ ತಂದು ಕೂತು ಸುತ್ತಿದರು. ಬೀದಿಯವರಿಗೆಲ್ಲ ಒಳ್ಳೆ ಮನರಂಜನೆ. "ಬೀದಿನಾಯಿ ಬಿಟ್ಟು ಲ್ಯಾಬ್ರಡಾರ್ ತಗೊಳ್ಳಿ ಮೇಡಂ" ಅಂದವರೂ ಇದ್ದರು. ಜಾತಿಗಿಂತ ಆ ಒಂದು ನಾಯಿಯ ಸ್ವಭಾವ ಮುಖ್ಯ. ಹೊಸಬರ ಹತ್ತಿರ ತಾನಾಗಿ ಹೋಗುತ್ತಾ, ಬೆಚ್ಚಿದ ಮೇಲೆ ಬೇಗ ಸುಧಾರಿಸಿಕೊಳ್ಳುತ್ತಾ, ಇವೆರಡನ್ನು ನೋಡಬೇಕು. ಬೆಲ್ಲನಿಗೆ ಎರಡೂ ಇತ್ತು. ನನಗೆ ನೋಡುವ ಕಣ್ಣಿರಲಿಲ್ಲ, ಅಷ್ಟೇ.

ಉಳಿದದ್ದು ಶಿಸ್ತಿನ ವಿಷಯ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ, ಹಿಂದಿನ ದಿನ ಸ್ನಾನ, ಉಗುರು ಕತ್ತರಿಸಿ ಉಜ್ಜುವುದು. ಲಸಿಕೆಯ ಪುಸ್ತಕ ಬ್ಯಾಗಿನಲ್ಲೇ ಇರುತ್ತದೆ. ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ತೆರೆದ ಗಾಯ ಇರುವವರು, ಅಲರ್ಜಿ ಇರುವವರು ಮುಟ್ಟುವಂತಿಲ್ಲ. ಮುಂಚೆ ಕೈ ತೊಳೆಯಬೇಕು, ಆಮೇಲೂ ತೊಳೆಯಬೇಕು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಹಾಕಿದ ತಿಂಡಿ ನಾಯಿಗೆ ವಿಷ. ಇದನ್ನು ಎಷ್ಟು ಸಲ ಹೇಳಿದರೂ ಒಂದು ಕೈಯಲ್ಲಿ ಪಕೋಡ ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಹಳೇ ಪಟ್ಟೆ ಜಮಖಾನ. ಹೋದ ಕಡೆ ಅದನ್ನು ಒಂದು ಮೂಲೆಯಲ್ಲಿ ಹಾಸುತ್ತೇನೆ. ಬೆಲ್ಲ ಅದರ ಮೇಲೆ ಹೋಗಿ ಕೂತರೆ ಯಾರೂ ಮುಟ್ಟಬಾರದು, ಕರೆಯಬಾರದು. ನಾನೂ ಕರೆಯುವುದಿಲ್ಲ. ಅವನಾಗಿ ಇಳಿದು ಬಂದರೆ ಮಾತ್ರ ಮುಂದಿನ ಮಾತು. ಒಟ್ಟು ಹೊತ್ತು ನಲವತ್ತು ನಿಮಿಷ ಮೀರುವುದಿಲ್ಲ. ಒಮ್ಮೊಮ್ಮೆ ಅರ್ಧ ಹೊತ್ತು ಜಮಖಾನದ ಮೇಲೇ ಕಳೆದದ್ದುಂಟು. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು.

ಪಾರ್ಶ್ವವಾಯು ಹೊಡೆದು ಬಲಗೈ ಸೋತಿದ್ದ ಒಬ್ಬ ಅಜ್ಜ ಅಲ್ಲಿದ್ದರು. ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಅಂದರೆ, ಅದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ನಾವು ಮಾತಾಡಿಕೊಂಡು ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಅವರ ಕೈಗಿತ್ತೆವು. ಬೆಲ್ಲನ ಬೆನ್ನು ಬಾಚಬೇಕು, ಬಲಗೈಯಲ್ಲೇ. ಮೊದಲ ದಿನ ನಾಲ್ಕು ಸಲ ಎಳೆದರು. ನಾನು ಎಣಿಸಿ ಬರೆದಿಟ್ಟೆ. ಮೂರನೇ ತಿಂಗಳ ಹೊತ್ತಿಗೆ ಮೂವತ್ತು ದಾಟಿತು. ಸುಮ್ನೆ ಹೋಗಿ ಎಲ್ಲರ ಕೈಲಿ ತಲೆ ಸವರಿಸಿಕೊಂಡು ಬರುವುದಕ್ಕೂ ಥೆರಪಿಗೂ ಇರುವ ವ್ಯತ್ಯಾಸ ಇಲ್ಲಿದೆ. ಯಾರಿಗೆ, ಯಾಕೆ, ಎಷ್ಟು ಅನ್ನುವ ಲೆಕ್ಕ ಇರಬೇಕು. ಬರೀ ಭೇಟಿಯೂ ಒಳ್ಳೆಯದೇ, ಆದರೆ ಅದನ್ನು ಥೆರಪಿ ಅಂತ ಕರೆದು ಫೀಸು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಬ್ಬರು ಮಡಿ ಅಜ್ಜಿ. "ನಾಯಿ ಮುಟ್ಟಿದ್ರೆ ನಾನು ಮತ್ತೆ ಸ್ನಾನ ಮಾಡ್ಬೇಕು, ದೂರ ಇಟ್ಕೋ" ಅಂತ ಮೊದಲ ದಿನವೇ ಹೇಳಿಬಿಟ್ಟರು. ಸರಿ ಅಜ್ಜಿ ಅಂದೆ. ಮುಂದಿನ ವಾರ ಅವರ ಕುರ್ಚಿ ಎರಡು ಮಾರು ಹತ್ತಿರ ಬಂದಿತ್ತು. ಅದರ ಮುಂದಿನ ವಾರ, "ದತ್ತಾತ್ರೇಯನ ಕಾಲ ಹತ್ರ ನಾಲ್ಕು ನಾಯಿ ಇರುತ್ತಲ್ಲ, ಅದರಲ್ಲಿ ಒಂದು ಥೇಟ್ ಹೀಗೇ ಇದೆ ನಮ್ಮನೆ ಪಟದಲ್ಲಿ" ಅಂದರು. ಮುಟ್ಟಲಿಲ್ಲ, ಇವತ್ತಿಗೂ ಮುಟ್ಟಿಲ್ಲ. ಮಾರಿ ಬಿಸ್ಕತ್ತಿನ ಅರ್ಧ ಮಾತ್ರ ಕಾಗದದಲ್ಲಿ ಸುತ್ತಿ ಇಟ್ಟಿರುತ್ತಾರೆ, ನನ್ನ ಕೈಯಿಂದ ಕೊಡಿಸುತ್ತಾರೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಹತ್ತು ನಿಮಿಷ ನಾಯಿ, ಬೆಕ್ಕು ಸವರಿದವರ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಕಮ್ಮಿಯಾಗಿತ್ತು. ಸರದಿಯಲ್ಲಿ ನಿಂತು ಬರೀ ನೋಡಿದವರಲ್ಲಿ ಅಷ್ಟು ಕಮ್ಮಿಯಾಗಿರಲಿಲ್ಲ. ನಮ್ಮ ಅಜ್ಜಿಯ ಬಿಸ್ಕತ್ತನ್ನು ಯಾವ ಗುಂಪಿಗೆ ಸೇರಿಸೋದು?

ಮಕ್ಕಳ ವಿಷಯಕ್ಕೆ ಬರುತ್ತೇನೆ. ಎಂಟು ವರ್ಷದ ಹುಡುಗ, ಮನೆಯಲ್ಲಿ ಅಮ್ಮನ ಹತ್ತಿರ ಬಿಟ್ಟರೆ ಎಲ್ಲೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೂ ಇಲ್ಲ. ನಾನು ಅವನಿಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಬೆಲ್ಲನ ಹತ್ತಿರ ಮಾತಾಡುತ್ತಾ ಕೂತೆ. ಎರಡು ವಾರ ಬೆಲ್ಲ ಜಮಖಾನ ಬಿಟ್ಟು ಏಳಲಿಲ್ಲ, ಹುಡುಗ ಕುರ್ಚಿ ಬಿಟ್ಟು ಏಳಲಿಲ್ಲ. ಇಬ್ಬರೂ ಓರೆಗಣ್ಣಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮೂರನೇ ವಾರ ಬೆಲ್ಲ ಎದ್ದು ಹೋಗಿ ಅವನ ಚಪ್ಪಲಿ ಮೂಸಿದ. ಆಗ ಹುಡುಗನಿಗೆ ಒಂದು ಆಟ ಹೇಳಿಕೊಟ್ಟೆ. ಎದೆಯ ಹತ್ತಿರ ಮೂರು ಎಣಿಸುವಷ್ಟು ಹೊತ್ತು ಸವರು, ಕೈ ತೆಗೆ, ನೋಡು. ಒತ್ತಿಕೊಂಡು ಬಂದರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ ಬೇಡ ಅಂತ.

"ಒಂದು, ಎರಡು, ಮೂರು." ಪಿಸುಮಾತಿನಲ್ಲಿ ಎಣಿಸಿದ. ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಕುಣಿಯಬೇಕು ಅನ್ನಿಸಿತು, ಆದರೆ ಕೇಳಿಸದವಳ ಹಾಗೆ ಕೂತೆ.

ನಾಲ್ಕನೇ ಸುತ್ತಿಗೆ ಬೆಲ್ಲ ಮುಖ ತಿರುಗಿಸಿ ಜಮಖಾನಕ್ಕೆ ಹೋದ. ಹುಡುಗ ಅಳುತ್ತಾನೇನೋ ಅಂದುಕೊಂಡೆ. ಅವನು ಕೈ ಹಿಂದೆ ಕಟ್ಟಿಕೊಂಡು, ತುಂಬಾ ಗಂಭೀರವಾಗಿ, ತಲೆ ಆಡಿಸಿದ. ನಾಯಿಗೆ ಬೇಡ ಅನ್ನಿಸಿತು, ಎಲ್ಲರೂ ಸುಮ್ಮನೆ ಒಪ್ಪಿಕೊಂಡರು, ಯಾರೂ ಬೈಯಲಿಲ್ಲ. ಅವನು ನೋಡಿದ್ದು ಇದನ್ನು. ಆರು ತಿಂಗಳ ಕೆಲಸ ಅದು, ಶಾಲೆಯ ಟೀಚರೂ ಅಮ್ಮನೂ ಸೇರಿ ಮಾಡಿದ್ದು. ಒಂದು ದಿನ ಅವನ ಅಮ್ಮ ಫೋನ್ ಮಾಡಿದರು. ಮದುವೆಮನೆಯಲ್ಲಿ ಯಾರೋ ದೊಡ್ಡಮ್ಮ ಕೆನ್ನೆ ಹಿಂಡುತ್ತಿದ್ದರಂತೆ. ಇವನು "ಸಾಕು" ಅಂದುಬಿಟ್ಟನಂತೆ, ಎಲ್ಲರಿಗೂ ಕೇಳುವ ಹಾಗೆ. "ಮೇಡಂ, ನಿಮ್ಮ ನಾಯಿ ಕಲಿಸಿದ್ದು ಇದನ್ನೇನಾ?" ಅಂತ ಅರ್ಧ ಮುಜುಗರ, ಅರ್ಧ ನಗು.

ಎಲ್ಲ ಕಡೆ ಹೀಗಾಗಲಿಲ್ಲ. ಖಿನ್ನತೆಯಲ್ಲಿದ್ದ ಒಬ್ಬ ಕಾಲೇಜು ಹುಡುಗಿ ಬೆಲ್ಲನನ್ನು ಬಹಳ ಹಚ್ಚಿಕೊಂಡಳು. ಆದರೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ, ತೂಕ ಇಳಿಯುತ್ತಲೇ ಇತ್ತು. ನಾನೇ ಅವಳನ್ನು ಮನೋವೈದ್ಯರ ಹತ್ತಿರ ಕಳಿಸಿದೆ. ಚೇತರಿಸಿಕೊಂಡದ್ದು ಮಾತ್ರೆ ಶುರುವಾದ ಮೇಲೆ. ಬೆಲ್ಲ ಮಾಡಿದ್ದು ಏನು ಅಂದರೆ, ಗುರುವಾರ ಹಾಸಿಗೆಯಿಂದ ಎದ್ದು ತಲೆ ಬಾಚಿಕೊಳ್ಳಲು ಅವಳಿಗೊಂದು ನೆಪ ಕೊಟ್ಟ. ಅದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ. ನಾಯಿ ಕಚ್ಚಿ ಹೆದರಿದ್ದ ಮಗುವನ್ನು "ಭಯ ಹೋಗಲಿ" ಅಂತ ಎಳೆದುಕೊಂಡು ಬಂದ ಅಪ್ಪನೊಬ್ಬನನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದೂ ಇದೆ.

ಹೋದ ತಿಂಗಳು ಒಂದು ಮಂಗಳವಾರ ಸ್ಕೂಟರ್ ತೆಗೆದೆ. ಬೆಲ್ಲ ಗೇಟಿನ ತನಕ ಬಂದು ನಿಂತ. ಹತ್ತಲಿಲ್ಲ. ಕೊರಳಪಟ್ಟಿ ತೋರಿಸಿದೆ. ಮುಖ ತಿರುಗಿಸಿದ. ಕಾಲು ನೋವೋ, ವಯಸ್ಸೋ, ಸಾಕಾಗಿತ್ತೋ. ಸಂಜೆ ಡಾಕ್ಟರಿಗೆ ತೋರಿಸೋಣ ಅಂತ ಒಳಗೆ ಬಿಟ್ಟು, ಅಭ್ಯಾಸಬಲದಿಂದ ಜಮಖಾನ ಹಿಡಿದು ಒಬ್ಬಳೇ ಹೋದೆ.

ಮಡಿ ಅಜ್ಜಿ ಬಾಗಿಲಲ್ಲೇ ಕೇಳಿದರು, "ಎಲ್ಲಿ ಅದು?"

"ಬರಲ್ಲ ಅಂದ ಅಜ್ಜಿ."

ಅಜ್ಜಿ ಸ್ವಲ್ಪ ಹೊತ್ತು ನನ್ನ ಕೈಯ ಜಮಖಾನ ನೋಡಿದರು. "ಸರಿ ಬಿಡು, ಅದಕ್ಕೂ ಬೇಡ ಅನ್ಸುತ್ತೆ ಒಂದೊಂದು ದಿನ. ನೀನೇ ಹಾಸ್ಕೊಂಡು ಕೂತ್ಕೋ" ಅಂದರು. ಹಾಸಿ ಕೂತೆ. ನಲವತ್ತು ನಿಮಿಷ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಹೊರಡುವಾಗ ಅಜ್ಜಿ ಕಾಗದದ ಪೊಟ್ಟಣ ಕೊಟ್ಟರು. ಒಳಗೆ ಅವತ್ತು ಇಡೀ ಬಿಸ್ಕತ್ತು ಇತ್ತು.