ಪಕ್ಕದ ಮನೆಗೆ ಉಕ್ರೇನ್‌ನವರು ಬಂದಿದ್ದಾರಾ? ಹೀಗೆ ಜೊತೆಯಾಗಿ

ಜರ್ಮನಿಯಲ್ಲಿರುವ ನಮ್ಮವರಲ್ಲಿ ತುಂಬ ಜನರಿಗೆ ಈಗ ಉಕ್ರೇನ್‌ನ ಒಂದಾದರೂ ಕುಟುಂಬದ ಪರಿಚಯ ಇರುತ್ತದೆ. ಮಕ್ಕಳ ಶಾಲೆಯಲ್ಲೋ, ಭಾಷಾ ಕ್ಲಾಸಿನಲ್ಲೋ, ಮೇಲಿನ ಮಹಡಿಯಲ್ಲೋ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಶುರು ಮಾಡಿದ ನಂತರ ಹತ್ತು ಲಕ್ಷಕ್ಕೂ ಜಾಸ್ತಿ ಜನ ಇಲ್ಲಿಗೆ ಬಂದಿದ್ದಾರೆ. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಯಾಕೆಂದರೆ ಯುದ್ಧ ಶುರುವಾದಾಗ 18ರಿಂದ 60 ವರ್ಷದ ಗಂಡಸರಲ್ಲಿ ಬಹುತೇಕರಿಗೆ ದೇಶ ಬಿಡಲು ಅನುಮತಿ ಇರಲಿಲ್ಲ.

ಮೊದಲು ಒಂದು ಮಾತು. ಅವರ ಕಥೆ ಕೇಳಲು ಹೋಗಬೇಡಿ. ಬಾಂಬ್ ಬಿತ್ತಾ, ಮನೆ ಉಳಿದಿದೆಯಾ, ಗಂಡ ಎಲ್ಲಿದ್ದಾರೆ, ವಾಪಸ್ ಯಾವಾಗ? ನಮ್ಮಲ್ಲಿ ಕಷ್ಟ ವಿಚಾರಿಸುವುದೇ ಪ್ರೀತಿ, ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಅಂತ ನಂಬಿದವರು ನಾವು, ಆದರೆ ಒತ್ತಾಯ ಮಾಡಿ ನೆನಪು ಕೆದಕಿದರೆ ಹಾಗೆ ಆಗುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಇದು ಬೇಡ ಅಂತಲೇ ಹೇಳುತ್ತದೆ. ಅವರಾಗಿಯೇ ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿ. "ಎಲ್ಲ ಸರಿ ಹೋಗುತ್ತೆ" ಅನ್ನಬೇಡಿ. ನಮಗೇನು ಗೊತ್ತು, ಅಲ್ವಾ? ಯುದ್ಧದ ರಾಜಕೀಯದ ಬಗ್ಗೆ ವಾದವಂತೂ ಬೇಡವೇ ಬೇಡ.

ಅದರ ಬದಲು ಕೆಲಸಕ್ಕೆ ಕೈ ಹಾಕಿ. ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಜರ್ಮನ್ ಬರುವ ನಮಗೇ ಎದೆ ಢವಗುಟ್ಟುತ್ತದೆ. ಜೊತೆಗೆ ಕೂತು ಓದಿ, ಕೊನೆಯ ದಿನಾಂಕದ ಕೆಳಗೆ ಗೆರೆ ಎಳೆದು ಕೊಡಿ. ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಅಲ್ಲಿ ಮಕ್ಕಳಿಂದ ಅನುವಾದ ಮಾಡಿಸಬೇಡಿ. ಅಮ್ಮನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅನ್ನುವುದನ್ನು ಹತ್ತು ವರ್ಷದ ಮಗು ಯಾಕೆ ಹೇಳಬೇಕು?

ಅವರು ಇಲ್ಲಿದ್ದರೂ ಯುದ್ಧ ಅವರ ಫೋನಿನಲ್ಲಿದೆ. ನನ್ನ ಪಕ್ಕದ ಮನೆಯವರು ಖಾರ್ಕಿವ್‌ನವರು. 2022ರ ಮಾರ್ಚ್ 1ರಂದು ನಮ್ಮ ಹಾವೇರಿಯ ವೈದ್ಯಕೀಯ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ ಊರು ಅದೇ. ಆಲೂಗಡ್ಡೆ ಸುಲಿಯುತ್ತಾ ಮಾತಾಡುತ್ತಿರುವಾಗ, ಅವರ ಊರಿನ ಮೇಲೆ ದಾಳಿಯ ಎಚ್ಚರಿಕೆ ಕೊಡುವ ಆಪ್ ಫೋನಿನಲ್ಲಿ ಸೈರನ್ ಕೂಗುತ್ತದೆ. ಚಾಕು ಕೆಳಗಿಡುತ್ತಾರೆ. ಅಲ್ಲೇ ಉಳಿದಿರುವ ಅಮ್ಮನಿಂದ ಮೆಸೇಜ್ ಬರುವವರೆಗೆ ಒಂದು ಮಾತೂ ಆಡುವುದಿಲ್ಲ. "ಆ ಆಪ್ ತೆಗೆದುಹಾಕಿ" ಅನ್ನುವುದು ಸುಲಭ, ಆದರೆ ಅಮ್ಮ ಬದುಕಿದ್ದಾರೆ ಅಂತ ಗೊತ್ತಾಗುವುದೂ ಅದೇ ಫೋನಿನಿಂದ. ಸುಮ್ನೆ ಜೊತೆಗೆ ಕೂತಿರಿ.

ಸದ್ದಿನ ಬಗ್ಗೆ ಮೊದಲೇ ತಿಳಿಸಿ. ಸೆಪ್ಟೆಂಬರ್ ಎರಡನೇ ಗುರುವಾರ ಬೆಳಿಗ್ಗೆ 11ಕ್ಕೆ ಜರ್ಮನಿಯಾದ್ಯಂತ ಎಚ್ಚರಿಕೆ ಪರೀಕ್ಷೆ ನಡೆಯುತ್ತದೆ. ಸೈರನ್ ಮೊಳಗುತ್ತದೆ, ಫೋನ್‌ಗಳೂ ಕಿರುಚುತ್ತವೆ. ಹಿಂದಿನ ದಿನವೇ ಹೇಳಿ. ಡಿಸೆಂಬರ್ 31ರ ರಾತ್ರಿಯ ಪಟಾಕಿ ಅವರಿಗೆ ಇನ್ನೂ ಕಷ್ಟ, ಅವತ್ತು ಒಂಟಿಯಾಗಿ ಬಿಡಬೇಡಿ. ದೀಪಾವಳಿಗೆ ಕರೆಯುವುದಾದರೆ ದೀಪ ಸಾಕು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅವರಿಂದಲೂ ಏನಾದರೂ ತೆಗೆದುಕೊಳ್ಳಿ. ಅಲ್ಲಿ ಟೀಚರ್, ನರ್ಸ್, ಎಂಜಿನಿಯರ್ ಆಗಿದ್ದವರು ಇಲ್ಲಿ ಡಿಗ್ರಿಗೆ ಮಾನ್ಯತೆ ಸಿಗುವವರೆಗೆ ಹೋಟೆಲ್ ರೂಮು ಗುಡಿಸುತ್ತಾರೆ, ದಿನವಿಡೀ ಎಲ್ಲರಿಗೂ ಧನ್ಯವಾದ ಹೇಳಿ ಹೇಳಿ ಕುಗ್ಗಿಹೋಗುತ್ತಾರೆ. ನಿಮ್ಮ ಮಗಳಿಗೆ ಗಣಿತ ಹೇಳಿಕೊಡುತ್ತೀರಾ ಅಂತ ಕೇಳಿ ನೋಡಿ, ದುಡ್ಡೂ ಕೊಡಿ. ಅವರು ಮಾಡಿದ ಬೋರ್ಷ್ ಅನ್ನುವ ಬೀಟ್‌ರೂಟ್ ಸೂಪ್ ತಂದರೆ ಬೇಡ ಅನ್ನಬೇಡಿ (ಸಸ್ಯಾಹಾರಿಗಳಾದರೆ ಮೊದಲೇ ಹೇಳಿ, ಮಾಂಸವಿಲ್ಲದೆಯೂ ಮಾಡುತ್ತಾರೆ). ಬೇರೆಯವರಿಗೆ ಪರಿಚಯಿಸುವಾಗ "ನಿರಾಶ್ರಿತರು" ಅನ್ನಬೇಡಿ, ಹೆಸರು ಹೇಳಿ.

ಮಕ್ಕಳಲ್ಲಿ ಕೆಲವರು ಬೆಳಿಗ್ಗೆ ಜರ್ಮನ್ ಶಾಲೆ, ಸಂಜೆ ಆನ್‌ಲೈನ್‌ನಲ್ಲಿ ಉಕ್ರೇನ್ ಶಾಲೆ ಅಂತ ಎರಡೂ ಓದುತ್ತಿದ್ದಾರೆ. ಅವರನ್ನು ಆಟಕ್ಕೆ ಕರೆಯಿರಿ, ಅಷ್ಟು ಸಾಕು.

ದುಃಖ, ಸಿಟ್ಟು, ನಿದ್ದೆಗೇಡು ಎಲ್ಲವೂ ಕಾಯಿಲೆಯಲ್ಲ. ಸುರಕ್ಷಿತ ಜಾಗ, ಜನ, ಕೆಲಸ ಸಿಕ್ಕರೆ ಬಹಳಷ್ಟು ಮಂದಿ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ. ಆದರೆ ಯುದ್ಧ ನಡೆದ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಾರಗಟ್ಟಲೆ ಊಟ ಮಾಡದಿದ್ದರೆ, ಹಾಸಿಗೆ ಬಿಟ್ಟು ಏಳದಿದ್ದರೆ, ಕುಡಿತ ಹೆಚ್ಚಾದರೆ ಮನೆ ಡಾಕ್ಟರ ಬಳಿ ಅಥವಾ ನಿರಾಶ್ರಿತರಿಗಾಗಿಯೇ ಇರುವ ಮನೋಸಾಮಾಜಿಕ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಸರದಿ ಉದ್ದ ಇರುತ್ತದೆ, ಹಾಗಾಗಿ ಇವತ್ತೇ ಹೆಸರು ಬರೆಸಿ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಜರ್ಮನ್ ಸಹಾಯವಾಣಿ 0800 111 0 111, ಹಗಲು ರಾತ್ರಿ ಉಚಿತ, ಅವರಿಗೆ ಭಾಷೆ ಬರದಿದ್ದರೆ ನೀವೇ ಕರೆ ಮಾಡಿ. ಈಗಲೇ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಜಾಗ ಬಿಟ್ಟು ಕದಲಬೇಡಿ.