ವೆಬ್ ಪುಟದ ಕೋಷ್ಟಕ ಎಕ್ಸೆಲ್‌ಗೆ: ಎಳೆಯುವುದು ಸುಲಭ, ನಂಬುವ ಮೊದಲು ನೋಡಿ

ಮುಂಬಯಿಯ ಮಾಟುಂಗ ಕಡೆಯ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗೆ ಮಹಾರಾಷ್ಟ್ರದ ಜಿಲ್ಲಾವಾರು ಜನಸಂಖ್ಯೆಯ ಬಗ್ಗೆ ಲೇಖನ ಬೇಕಾಗಿದೆ ಅನ್ನಿ. ಅಥವಾ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಓದುತ್ತಿರುವ ಮಗಳ ಪ್ರಾಜೆಕ್ಟಿಗೆ ಬೇಕು. 2011ರ ಜನಗಣತಿಯ ಅಂಕಿಗಳು ವಿಕಿಪೀಡಿಯದಲ್ಲಿ ಕೋಷ್ಟಕವಾಗಿಯೇ ಇವೆ. 36 ಜಿಲ್ಲೆಗಳ ಸಾಲುಗಳನ್ನು ನೋಡಿ ನೋಡಿ ಟೈಪ್ ಮಾಡುತ್ತ ಕೂರಬೇಕಿಲ್ಲ. ಪುಟದ ವಿಳಾಸ ಕೊಟ್ಟರೆ ಎಕ್ಸೆಲ್ ತಾನೇ ಎಳೆದುಕೊಳ್ಳುತ್ತದೆ. ನಿಜವಾದ ಕೆಲಸ ಶುರುವಾಗುವುದು ಎಳೆದ ಮೇಲೆ.

ಮೊದಲು ಡೌನ್‌ಲೋಡ್ ಕೊಂಡಿ ಇದೆಯೇ ನೋಡಿ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಬಹಳಷ್ಟು ಕೋಷ್ಟಕಗಳು ಎಕ್ಸೆಲ್ ಫೈಲಾಗಿಯೇ ಸಿಗುತ್ತವೆ. ಸಿಕ್ಕರೆ ಎಳೆಯುವ ಉಸಾಬರಿಯೇ ಬೇಡ. ಇಲ್ಲವಾದರೆ ಪುಟವನ್ನು ಬ್ರೌಸರಿನಲ್ಲಿ ತೆರೆದು ಕಂಟ್ರೋಲ್ ಕೀ ಜೊತೆ ಯು ಒತ್ತಿ. ಪುಟದ ಹಿಂದಿರುವ ಕೋಡ್ ಕಾಣುತ್ತದೆ. ಅಲ್ಲಿ ಕಂಟ್ರೋಲ್-ಎಫ್ ಒತ್ತಿ, ಕೋಷ್ಟಕದಲ್ಲಿ ಕಂಡ ಯಾವುದಾದರೂ ಒಂದು ಅಂಕಿಯನ್ನು ಹುಡುಕಿ. ಸಿಕ್ಕರೆ ಮುಂದುವರಿಯಿರಿ. ಸಿಗದಿದ್ದರೆ ಆ ಕೋಷ್ಟಕವನ್ನು ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ) ತುಂಬುತ್ತಿರುವ ಸಾಧ್ಯತೆಯೇ ಹೆಚ್ಚು. ಎಕ್ಸೆಲ್ ಕೈಗೆ ಸಾಮಾನ್ಯವಾಗಿ ಖಾಲಿ ಚೌಕಟ್ಟು ಬರುತ್ತದೆ. ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಅರ್ಧ ನಿಮಿಷದ ಪರೀಕ್ಷೆ ವಾಸಿ.

ಈಗ ವಿಂಡೋಸ್ ಎಕ್ಸೆಲ್‌ನಲ್ಲಿ ಡೇಟಾ ಟ್ಯಾಬಿಗೆ ಹೋಗಿ, ಫ್ರಮ್ ವೆಬ್ ಒತ್ತಿ, ವಿಳಾಸ ಅಂಟಿಸಿ. ಅನುಮತಿ ಕೇಳಿದರೆ ಅನಾನಿಮಸ್ ಆರಿಸಿ ಕನೆಕ್ಟ್ ಕೊಡಿ. ನ್ಯಾವಿಗೇಟರ್ ಎಂಬ ಕಿಟಕಿ ತೆರೆದು, ಎಡಗಡೆ ಪುಟದಲ್ಲಿರುವ ಕೋಷ್ಟಕಗಳ ಪಟ್ಟಿ ಬರುತ್ತದೆ. ಒಂದೊಂದನ್ನೇ ಕ್ಲಿಕ್ ಮಾಡಿ ನೋಡಿ. ನಿಮಗೆ ಬೇಕಾದದ್ದು ಮೊದಲನೆಯದೇ ಆಗಿರಬೇಕೆಂದಿಲ್ಲ. ಸಿಕ್ಕಿದ ಖುಷಿಯಲ್ಲಿ ಲೋಡ್ ಒತ್ತಬೇಡಿ. ಪಕ್ಕದ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ.

ಇಲ್ಲಿ ನಿಧಾನಿಸಿ. ಪ್ರತಿ ಕಾಲಮ್ಮಿನ ತಲೆಯಲ್ಲಿ ಪುಟ್ಟ ಗುರುತಿರುತ್ತದೆ: 123 ಎಂದಿದ್ದರೆ ಸಂಖ್ಯೆ, ಎಬಿಸಿ ಎಂದಿದ್ದರೆ ಅಕ್ಷರ. ಜನಸಂಖ್ಯೆಯ ಕಾಲಮ್ಮಿಗೆ ಎಬಿಸಿ ಅಂಟಿಕೊಂಡಿದ್ದರೆ ಅಲ್ಲೇನೋ ಕಸ ಇದೆ. ಹೆಚ್ಚಾಗಿ ಅದು ಅಡಿಟಿಪ್ಪಣಿಯ ಗುರುತು. ಮುಂಬಯಿ ಉಪನಗರ ಜಿಲ್ಲೆಯ 93,56,962 ಪಕ್ಕದಲ್ಲಿ ಚೌಕ ಆವರಣದೊಳಗೆ 4 ಎಂದಿದೆ ಅಂದುಕೊಳ್ಳಿ. ‘ಅಂಕಿಯಲ್ಲದ್ದನ್ನೆಲ್ಲ ಅಳಿಸು’ ಎಂದು ಆಜ್ಞೆ ಕೊಟ್ಟರೆ ಅಲ್ಪವಿರಾಮ, ಆವರಣ ಎಲ್ಲ ಹೋಗಿ, ಆ 4 ಮಾತ್ರ ಬಾಲಕ್ಕೆ ಅಂಟಿ 9,35,69,624 ಆಗುತ್ತದೆ. 93 ಲಕ್ಷದ ಜಿಲ್ಲೆ 9 ಕೋಟಿ ದಾಟಿದರೂ ತಂತ್ರಾಂಶ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಸ್ಪ್ಲಿಟ್ ಕಾಲಮ್‌ನಲ್ಲಿ ಬೈ ಡಿಲಿಮಿಟರ್ ಆರಿಸಿ, ಎಡ ಚೌಕ ಆವರಣವನ್ನೇ ಗಡಿಯಾಗಿ ಕೊಟ್ಟು ಕತ್ತರಿಸಿ. ಬಲಗಡೆಯ ತುಂಡನ್ನು ಬಿಸಾಡಿ, ಉಳಿದ ಕಾಲಮ್ಮನ್ನು ಸಂಖ್ಯೆಯಾಗಿ ಬದಲಿಸಿ.

ಮರಾಠಿ ಪುಟದಿಂದ ತಂದರೆ ದೇವನಾಗರಿ ಅಂಕಿಗಳು ಬರಬಹುದು. ಅವೂ ಅಕ್ಷರವೆಂದೇ ಕೂರುತ್ತವೆ. ರಿಪ್ಲೇಸ್ ವ್ಯಾಲ್ಯೂಸ್‌ನಿಂದ ಒಂದೊಂದೇ ಅಂಕಿ ಬದಲಿಸಬೇಕು. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಎಕ್ಸೆಲ್ ಆ ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ರಿಫ್ರೆಶ್ ಒತ್ತಿದರೆ ಸಾಕು.

ಕೊನೆಯ ಸಾಲು ‘ಒಟ್ಟು’ ಆಗಿದ್ದರೆ ತೆಗೆದುಹಾಕಿ. ಬಿಟ್ಟರೆ ರಾಜ್ಯದ ಮೊತ್ತ ಎರಡು ಪಟ್ಟಾಗುತ್ತದೆ. ಆಮೇಲೆ ಕ್ಲೋಸ್ ಆ್ಯಂಡ್ ಲೋಡ್.

ಇನ್ನು ತಾಳೆ ನೋಡುವುದು. ಮುಂಬಯಿ ನಗರ 30,85,411, ಉಪನಗರ 93,56,962. ಕೂಡಿದರೆ ಬೃಹನ್ಮುಂಬಯಿಯ 1,24,42,373 ಬರಬೇಕು. ಠಾಣೆಯದು ಬೇರೆ ಕಥೆ. 2011ರಲ್ಲಿ ಆ ಜಿಲ್ಲೆಯ ಜನಸಂಖ್ಯೆ 1,10,60,148. ಆಗ ಪಾಲ್ಘರ್ ಅದರೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 2014ರ ಆಗಸ್ಟ್ 1ರಂದು. ಹಳೆಯ ಠಾಣೆಯ ಅಂಕಿಯ ಜೊತೆ ಪಾಲ್ಘರ್‌ನ 29,90,116 ಕೂಡ ಇರುವ ಕೋಷ್ಟಕ ಸಿಕ್ಕಿದರೆ ಸುಮಾರು 30 ಲಕ್ಷ ಜನರನ್ನು ಎರಡೆರಡು ಸಲ ಎಣಿಸಿದಂತಾಯಿತು. ಪಾಲ್ಘರ್ ಪ್ರತ್ಯೇಕ ಸಾಲಾಗಿದ್ದರೆ ಠಾಣೆಗೆ 80,70,032 ಇರಬೇಕು. ಇಂಥದ್ದನ್ನು ಯಾವ ತಂತ್ರಾಂಶವೂ ಹಿಡಿಯದು. ಊರು ಬಲ್ಲವರೇ ಹಿಡಿಯಬೇಕು.

ಎಕ್ಸೆಲ್ ಇಲ್ಲದವರಿಗೆ ಗೂಗಲ್ ಶೀಟ್ಸ್ ಇದೆ. ಅದರ ಇಂಪೋರ್ಟ್‌ಎಚ್‌ಟಿಎಂಎಲ್ ಸೂತ್ರಕ್ಕೆ ವಿಳಾಸ, ‘ಟೇಬಲ್’ ಎಂಬ ಪದ ಮತ್ತು ಕೋಷ್ಟಕದ ಕ್ರಮಸಂಖ್ಯೆ ಕೊಡಬೇಕು. ಪುಟ ಬದಲಾದಂತೆ ಹಾಳೆಯೂ ಬದಲಾಗುತ್ತದೆ, ಹಾಗಾಗಿ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಓನ್ಲಿ ಆರಿಸಿ ಒಂದು ಪ್ರತಿಯನ್ನು ಸ್ಥಿರ ಮಾಡಿಟ್ಟುಕೊಳ್ಳಿ. ಪ್ರೋಗ್ರಾಮಿಂಗ್ ಭಾಷೆಗಳ ಪೈಕಿ ಆರ್ ಬಳಸುವವರಿಗೆ ಆರ್‌ವೆಸ್ಟ್ ಪ್ಯಾಕೇಜು, ಪೈಥಾನ್‌ನವರಿಗೆ ಪಾಂಡಾಸ್. ಎರಡೂ ಪುಟದ ಕೋಷ್ಟಕಗಳನ್ನೆಲ್ಲ ಪಟ್ಟಿಯಾಗಿ ಕೊಡುತ್ತವೆ. ಆರ್ 1ರಿಂದ ಎಣಿಸಿದರೆ ಪೈಥಾನ್ 0ಯಿಂದ ಎಣಿಸುತ್ತದೆ.

ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶಕ್ಕೆ ಬೇಕಾದರೆ ಎಕ್ಸೆಲ್ ಫೈಲನ್ನೇ ಅದರಲ್ಲಿ ತೆರೆಯಿರಿ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಬೇಕೆಂದರೆ ಸೇವ್ ಆ್ಯಸ್‌ನಲ್ಲಿ ಯುಟಿಎಫ್-8 ಎಂದಿರುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡದ ಜಿಲ್ಲೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ.